ಲೂಸ್ ಟೂಲ್ಸ್, ಒಂದು ಲಾಟ್

ಪ್ರತಿ ವರ್ಷ ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಬ್ಯಾಂಕಿನವರಿಗೆ ಒಂದು ಕೆಲಸವಿರುತ್ತದೆ. ಬ್ರಾಂಚಿನ ಕುರ್ಚಿ, ಮೇಜು, ಕಪಾಟು, ಫ್ಯಾನು ಎಲ್ಲವನ್ನೂ ಎಣಿಸಿ ಪುಸ್ತಕದ ಜೊತೆ ತಾಳೆ ನೋಡುವುದು. ಕೊಂಡಾಗ ಮೂರು ಸಾವಿರ ಕೊಟ್ಟ ಕಪಾಟಿಗೆ ವರ್ಷ ವರ್ಷವೂ ಸವಕಳಿ ಕಳೆಯುತ್ತಾ ಹೋಗಿ ಕೊನೆಗೆ ಅದರ ಬೆಲೆ ಒಂದು ರೂಪಾಯಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಇಳಿಸುವುದಿಲ್ಲ. ಸೊನ್ನೆ ಮಾಡಿದರೆ ಸಾಮಾನು ಪುಸ್ತಕದಿಂದಲೇ ಮಾಯವಾದೀತು ಅಂತ, ಇನ್ನೂ ಇದೆ ಅನ್ನುವುದಕ್ಕೆ ಗುರುತಾಗಿ ಆ ಒಂದು ರೂಪಾಯಿ. ಆಮೇಲೊಂದು ದಿನ ಗುಜರಿಯವನು ಬಂದು ತೂಕಕ್ಕೆ ಹಾಕಿ ಒಯ್ಯುತ್ತಾನೆ. ಇಲ್ಲಿ ಮುಂಬಯಿಯಲ್ಲಿ ಅವನಿಗೆ ಭಂಗಾರ್‌ವಾಲಾ ಅನ್ನುತ್ತಾರೆ. ಊರಿಂದ ಹೊಸತಾಗಿ ಬಂದಾಗ ಆ ಕೂಗು ಕೇಳಿ ಇವನು ಬಂಗಾರ ಕೊಳ್ಳುವವನು ಅಂದುಕೊಂಡಿದ್ದೆ!

ನಾನು ಬಿ.ಕಾಂ. ಓದಿದವನು. ಶಿಲ್ಪಕಲೆಯ ಚರಿತ್ರೆ ಬರೆಯಲು ನನಗೇನು ಅಧಿಕಾರ ಅಂತ ನೀವು ಕೇಳಬಹುದು. ಅಧಿಕಾರವಿಲ್ಲ, ಒಂದು ಕಾರಣವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

1998. ನಾನಾಗ ಸಾಲ ವಸೂಲಿಯ ವಿಭಾಗದಲ್ಲಿ ಕಿರಿಯ ಅಧಿಕಾರಿ. ಕುರ್ಲಾದ ಕಡೆ ಒಂದು ಸಣ್ಣ ವರ್ಕ್‌ಶಾಪಿನ ಸಾಲ ಕೆಟ್ಟು ಹೋಗಿತ್ತು. ಮಾಲೀಕರು ಗದಗದ ಕಡೆಯವರು. ಬಟ್ಟೆ ಗಿರಣಿಯೊಂದರ ರಿಪೇರಿ ಖಾತೆಯಲ್ಲಿ ಕೆಲಸದಲ್ಲಿದ್ದರು. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗೆ ಬಂದರಲ್ಲ, ಅವರಲ್ಲಿ ಇವರೂ ಒಬ್ಬರು. ಎಷ್ಟೋ ಜನರ ಹಾಗೆ ಇವರಿಗೂ ಮತ್ತೆ ಕೆಲಸ ಸಿಗಲಿಲ್ಲ. ಕೈಯಲ್ಲಿದ್ದ ವಿದ್ಯೆ ನಂಬಿ ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಶಿನು ಹಾಕಿಕೊಂಡು ಬದುಕಿದ್ದರು. ದೊಡ್ಡ ಗಿರಾಕಿಯೊಬ್ಬ ಕೈಕೊಟ್ಟ, ಕಂತು ನಿಂತಿತು.

ಪಟ್ಟಿ ಮಾಡಲು ಹೋದವನು ನಾನು. ಲೇತು ಒಂದು, ಡ್ರಿಲ್ಲಿಂಗ್ ಮೆಶಿನು ಒಂದು, ಗ್ರೈಂಡರು ಒಂದು. ಉಳಿದದ್ದು ಸುತ್ತಿಗೆ, ಇಕ್ಕಳ, ಅರ, ಉಳಿ, ಪಾನಾ, ಲೆಕ್ಕವಿಲ್ಲದಷ್ಟು. ಅವನ್ನೆಲ್ಲ ಒಂದೊಂದಾಗಿ ಯಾರು ಬರೆಯುತ್ತಾರೆ? ನಮ್ಮ ಪದ್ಧತಿಯಂತೆ ಒಂದೇ ಸಾಲಿನಲ್ಲಿ ಬರೆದೆ: ಲೂಸ್ ಟೂಲ್ಸ್, ಒಂದು ಲಾಟ್.

ಬರೆದು ಮುಗಿಸುವಾಗ ಅವರು ಒಂದು ಸುತ್ತಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಹಿಡಿ ಕಪ್ಪಾಗಿ, ಹೆಬ್ಬೆರಳು ಕೂರುವ ಜಾಗದಲ್ಲಿ ತಗ್ಗು ಬಿದ್ದಿತ್ತು. "ಸಾಹೇಬ್ರ, ಇದೊಂದ್ ಬಿಡ್ರಿ. ಇದು ನಮ್ಮಪ್ಪನ ಕೈಯಾಗಿಂದು" ಅಂದರು. ನಾನು "ಪಟ್ಟಿಗೆ ಸಹಿ ಆಗಿದೆ, ಇನ್ನು ನನ್ನ ಕೈಲಿಲ್ಲ" ಅಂದೆ. ಅವರು ಎದುರು ಮಾತಾಡಲಿಲ್ಲ. ಸುತ್ತಿಗೆಯನ್ನು ರಾಶಿಯ ಮೇಲೆ ಇಟ್ಟು ಕೈ ಒರೆಸಿಕೊಂಡರು. ಹರಾಜಿನಲ್ಲಿ ಆ ಲಾಟು ಕಿಲೋ ಲೆಕ್ಕದಲ್ಲಿ ಹೋಯಿತು.

ನಾನು ತಪ್ಪು ಮಾಡಿದ್ದೆನೇ? ಕಾಗದದ ಪ್ರಕಾರ ಇಲ್ಲ. ಆದರೆ ಆ ಸುತ್ತಿಗೆ ನನ್ನನ್ನು ಬಿಡಲಿಲ್ಲ.

ಐದು ವರ್ಷದ ನಂತರ, 2003ರ ಫೆಬ್ರವರಿ. ನಾನು ಫೋರ್ಟ್ ಬ್ರಾಂಚಿನಲ್ಲಿದ್ದೆ. ಊಟದ ಹೊತ್ತಿನಲ್ಲಿ ಹಾಗೇ ನಡೆಯುತ್ತ ಕಾಲಾ ಘೋಡಾ ಉತ್ಸವದ ಕಡೆ ಹೋದೆ. 1999ರಿಂದ ನಡೆಯುವ ಉತ್ಸವ ಇದು. ರಸ್ತೆಯುದ್ದಕ್ಕೂ ಕಲಾವಿದರು ಏನೇನೋ ಮಾಡಿ ನಿಲ್ಲಿಸಿರುತ್ತಾರೆ. ಅಲ್ಲೊಂದು ಕಬ್ಬಿಣದ ಹಕ್ಕಿ. ಕೊಕ್ಕಿಗೆ ಕಮ್ಮಾರನ ಇಕ್ಕಳ, ಬೆನ್ನಿಗೆ ಸಲಿಕೆ, ಕಾಲಿಗೆ ಪಾನಾ. ಎಲ್ಲರೂ ಹಕ್ಕಿ ನೋಡಿ ನಗುತ್ತಿದ್ದರು. ನನಗೆ ಮಾತ್ರ ಹಕ್ಕಿ ಕಾಣಲಿಲ್ಲ, ಆ ಲಾಟು ಕಂಡಿತು. ಒಂದೊಂದು ಸಾಮಾನೂ ತನ್ನ ತುಕ್ಕು, ತನ್ನ ಸವಕಳಿ ಹೊತ್ತುಕೊಂಡು ಬೇರೆ ಬೇರೆಯಾಗಿ ನಿಂತಿತ್ತು. ಅಂದು ಹಿಡಿದ ಹುಚ್ಚು ಇದು. ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದನ್ನು ಇಲ್ಲಿ ಹೇಳುತ್ತೇನೆ.

ಪ್ಯಾರಿಸ್ಸಿನಲ್ಲಿ ಶುರು

ಶಿಲ್ಪ ಅಂದರೆ ನಮಗೆಲ್ಲ ಗೊತ್ತಿರುವುದು ಎರಡು ದಾರಿ. ಕಲ್ಲು, ಮರವನ್ನು ಕೆತ್ತುವುದು ಒಂದು. ಮೇಣದಲ್ಲೋ ಮಣ್ಣಿನಲ್ಲೋ ಮಾಡಿ ಲೋಹ ಎರಕ ಹೊಯ್ಯುವುದು ಇನ್ನೊಂದು. ಮೂರನೆಯ ದಾರಿ, ಅಂದರೆ ಇದ್ದದ್ದನ್ನು ಇದ್ದ ಹಾಗೇ ತಂದು ಜೋಡಿಸುವುದು, ಯುರೋಪಿನ ಕಲೆಯಲ್ಲಿ ತಲೆ ಎತ್ತಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1912ರಲ್ಲಿ ಪಾಬ್ಲೊ ಪಿಕಾಸೊ ಒಂದು ಚಿತ್ರಕ್ಕೆ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡನ್ನು ಅಂಟಿಸಿ, ಸುತ್ತ ಚೌಕಟ್ಟಿನ ಬದಲು ನಿಜವಾದ ಹಗ್ಗ ಸುತ್ತಿದರು. ಮರುವರ್ಷ ಮಾರ್ಸೆಲ್ ದ್ಯುಶಾಂ ಅಡುಗೆಮನೆಯ ಸ್ಟೂಲಿನ ಮೇಲೆ ಸೈಕಲ್ ಚಕ್ರವನ್ನು ತಲೆಕೆಳಗಾಗಿ ಸಿಕ್ಕಿಸಿ ಸುಮ್ಮನೆ ತಿರುಗಿಸುತ್ತ ಕೂತರು. 1915ರಲ್ಲಿ ನ್ಯೂಯಾರ್ಕಿಗೆ ಹೋದವರು ಅಂಗಡಿಯಿಂದ ಹಿಮ ಎತ್ತುವ ಸಲಿಕೆ ಕೊಂಡು, ಅದಕ್ಕೊಂದು ಹೆಸರಿಟ್ಟು, ಇದೇ ಕಲಾಕೃತಿ ಅಂದರು. ಆ ಸಲಿಕೆ ಹೊಚ್ಚ ಹೊಸದು. ದ್ಯುಶಾಂಗೆ ಬೇಕಾಗಿದ್ದು ಯಾರ ಕೈ ಗುರುತೂ ಇಲ್ಲದ ವಸ್ತು. ಆದ್ದರಿಂದ ಬುದ್ಧಿವಂತರ ಜಗತ್ತಿನಲ್ಲಿ ಅವರ ಹೆಸರು ಎಷ್ಟೇ ದೊಡ್ಡದಿದ್ದರೂ ನನ್ನ ಸುತ್ತಿಗೆಯ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ.

ಉತ್ತರ ಶುರುವಾಗುವುದು ಹುಲಿಯೊ ಗೊನ್ಸಾಲೆಸ್ ಅವರಿಂದ. ಬಾರ್ಸಿಲೋನಾದ ಲೋಹಗೆಲಸದ ಮನೆತನದವರು, ಹುಟ್ಟಿದ್ದು 1876ರಲ್ಲಿ. ಮೊದಲನೆಯ ಮಹಾಯುದ್ಧದ ಕೊನೆಯ ವರ್ಷ, ಪ್ಯಾರಿಸ್ಸಿನ ಹತ್ತಿರದ ರೆನೋ ಮೋಟಾರು ಕಾರ್ಖಾನೆಯಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿತರು. ಹೊಟ್ಟೆಪಾಡಿಗೆ ಕಲಿತದ್ದು. ಹತ್ತು ವರ್ಷದ ನಂತರ, 1928ರ ಸುಮಾರಿಗೆ, ಪಿಕಾಸೊಗೆ ಕಬ್ಬಿಣದಲ್ಲಿ ಶಿಲ್ಪ ಮಾಡುವ ಆಸೆಯಾದಾಗ ಕೈ ಹಿಡಿದವರು ಇವರೇ. ಇಬ್ಬರೂ ಸೇರಿ ಕೆಲಸ ಮಾಡಿದ ಆ ಕಾಲದಲ್ಲಿ ಪಿಕಾಸೊ ಒಂದು ಹೆಂಗಸಿನ ತಲೆಯನ್ನು ಮಾಡಿದರು. ಅದರ ಬುರುಡೆಗೆ ಬಳಸಿದ್ದು ಅಡುಗೆಮನೆಯ ಎರಡು ತೂತಿನ ಬಟ್ಟಲು, ನಾವು ಅಕ್ಕಿ ತೊಳೆದು ಬಸಿಯುತ್ತೇವಲ್ಲ ಅಂಥವು. ಕೂದಲಿನ ಜಾಗದಲ್ಲಿ ಸ್ಪ್ರಿಂಗು.

ನೋಡಿ, ಇಲ್ಲಿ ಒಂದು ಗಮನಿಸಬೇಕಾದ ಮಾತಿದೆ. ಎರಕದಲ್ಲಿ ಹಳೆಯ ಲೋಹ ಕರಗಿ ಹೋಗುತ್ತದೆ. ಹಂಡೆಯೋ ಗಂಟೆಯೋ, ಕುಲುಮೆಗೆ ಹೋದ ಮೇಲೆ ಎಲ್ಲವೂ ಒಂದೇ. ವೆಲ್ಡಿಂಗಿನಲ್ಲಿ ಹಾಗಲ್ಲ. ಬೆಸೆಯುವ ಅಂಚು ಮಾತ್ರ ಕರಗುತ್ತದೆ, ಉಳಿದದ್ದು ತಾನಾಗಿಯೇ ಉಳಿಯುತ್ತದೆ. ಕಾರ್ಖಾನೆಯ ಒಂದು ಕಸುಬು ಶಿಲ್ಪಿಯ ಕೈಗೆ ಬಂದದ್ದರಿಂದಲೇ ಹಳೆಯ ಕಬ್ಬಿಣದ ವಸ್ತು ತನ್ನ ಹಿಂದಿನ ಜನ್ಮದ ಗುರುತಿನ ಜೊತೆ ಶಿಲ್ಪದೊಳಗೆ ಬರುವುದು ಸಲೀಸಾಯಿತು.

ಎಲ್ಲವನ್ನೂ ಕರಗಿಸುತ್ತಿದ್ದ ಕಾಲ

1942. ಪ್ಯಾರಿಸ್ ಜರ್ಮನರ ಹಿಡಿತದಲ್ಲಿತ್ತು. ಯುದ್ಧಕ್ಕೆ ಲೋಹ ಬೇಕು. 1941ರ ಅಕ್ಟೋಬರಿನಲ್ಲಿ ಫ್ರಾನ್ಸಿನ ವಿಶಿ ಸರ್ಕಾರ ಒಂದು ಕಾನೂನು ತಂದು, ಬೀದಿ ಚೌಕಗಳಲ್ಲಿದ್ದ ಕಂಚಿನ ಪ್ರತಿಮೆಗಳನ್ನು ಕೆಳಗಿಳಿಸಿ ಕರಗಿಸಲು ಶುರು ಮಾಡಿತ್ತು. ಕವಿಗಳು, ವಿಜ್ಞಾನಿಗಳು, ಸೇನಾಪತಿಗಳು, ಎಲ್ಲರೂ ತೂಕಕ್ಕೆ ಹೋದರು. ಅದೇ ವರ್ಷ, 1942ರ ಮಾರ್ಚಿನಲ್ಲಿ ಗೊನ್ಸಾಲೆಸ್ ತೀರಿಕೊಂಡರು. ಪಿಕಾಸೊ ಊರು ಬಿಟ್ಟು ಹೋಗದೆ ತಮ್ಮ ಸ್ಟುಡಿಯೋದಲ್ಲೇ ಇದ್ದರು.

ಆ ವರ್ಷವೇ ಅವರು ಮಾಡಿದ್ದು 'ಗೂಳಿಯ ತಲೆ'. ಗುಜರಿ ರಾಶಿಯಲ್ಲಿ ಸಿಕ್ಕ ಸೈಕಲ್ಲಿನ ಹಳೆಯ ಚರ್ಮದ ಸೀಟು ಮುಖವಾಯಿತು. ತುಕ್ಕು ಹಿಡಿದ ಹ್ಯಾಂಡಲ್ಲು ಕೊಂಬಾಯಿತು. ಅಷ್ಟೇ. ಎರಡೇ ಸಾಮಾನು. ಮಕ್ಕಳೂ ಮಾಡಬಹುದಲ್ಲ ಅನ್ನಿಸುತ್ತದೆ. ಆದರೆ ಅದರ ಮುಂದೆ ಕಣ್ಣು ಅತ್ತ ಇತ್ತ ಓಡುತ್ತದೆ: ಈಗ ಗೂಳಿ, ಈಗ ಸೈಕಲ್, ಮತ್ತೆ ಗೂಳಿ. ಪಿಕಾಸೊಗೆ ಬೇಕಾಗಿದ್ದೂ ಅದೇ. ಎಂದಾದರೂ ಯಾರೋ ಒಬ್ಬ ಇದನ್ನು ಎತ್ತಿಕೊಂಡು ಹೋಗಿ ಮತ್ತೆ ಸೈಕಲ್ಲಿಗೆ ಹಾಕಿಕೊಂಡರೆ ಒಳ್ಳೆಯದೇ ಆಯಿತು ಎಂಬರ್ಥದ ಮಾತನ್ನು ಅವರು ಗೆಳೆಯರ ಹತ್ತಿರ ಆಡಿದ್ದರು. ಪ್ಯಾರಿಸ್ ಬಿಡುಗಡೆಯಾದ ಮೇಲೆ, 1944ರ ಶರತ್ಕಾಲದ ಪ್ರದರ್ಶನದಲ್ಲಿ ಇದನ್ನು ಜನರ ಮುಂದಿಟ್ಟರು. ಬೀದಿಯ ದೊಡ್ಡ ಮನುಷ್ಯರ ಪ್ರತಿಮೆಗಳು ಕುಲುಮೆ ಸೇರಿದ ಕಾಲದಲ್ಲಿ ಮುರುಕು ಸೈಕಲ್ಲಿನ ಎರಡು ತುಂಡು ಉಳಿದುಕೊಂಡವು. ಪ್ಯಾರಿಸ್ಸಿನ ಪಿಕಾಸೊ ಸಂಗ್ರಹಾಲಯದಲ್ಲಿ ಈಗಲೂ ಇವೆ.

ಮುಚ್ಚಿದ ಕಾರ್ಖಾನೆಯಲ್ಲಿ ಒಂದು ತಿಂಗಳು

ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಹತ್ತಿರದವರು ಅಮೆರಿಕದ ಡೇವಿಡ್ ಸ್ಮಿತ್. 1906ರಲ್ಲಿ ಇಂಡಿಯಾನಾ ರಾಜ್ಯದ ಸಣ್ಣ ಊರಿನಲ್ಲಿ ಹುಟ್ಟಿದವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸ್ಟುಡಿಬೇಕರ್ ಮೋಟಾರು ಕಾರ್ಖಾನೆಯಲ್ಲಿ ದುಡಿದರು. ಗೊನ್ಸಾಲೆಸ್, ಪಿಕಾಸೊ ಕಬ್ಬಿಣದ ಕೆಲಸವನ್ನು ಒಂದು ಫ್ರೆಂಚ್ ಪತ್ರಿಕೆಯ ಫೋಟೋಗಳಲ್ಲಿ ನೋಡಿದಾಗ, ಅರೆ, ಈ ವಿದ್ಯೆ ನನಗೆ ಆಗಲೇ ಗೊತ್ತಿದೆಯಲ್ಲ ಅನ್ನಿಸಿತು ಅವರಿಗೆ. ನ್ಯೂಯಾರ್ಕಿನ ಬ್ರೂಕ್ಲಿನ್ ದಕ್ಕೆಯಲ್ಲಿ ಕಬ್ಬಿಣದ ವರ್ಕ್‌ಶಾಪೊಂದರಲ್ಲಿ ಜಾಗ ಕೇಳಿ ಪಡೆದು ಅಲ್ಲೇ ಶಿಲ್ಪ ಮಾಡತೊಡಗಿದರು. ಎರಡನೆಯ ಮಹಾಯುದ್ಧದಲ್ಲಿ ರೈಲು ಇಂಜಿನ್ನು, ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡಿದರು. 1950ರ ದಶಕದಲ್ಲಿ ಹಳೆಯ ಬೇಸಾಯದ ಸಲಕರಣೆಗಳನ್ನು ಬೆಸೆದು ಒಂದು ಸರಣಿಯನ್ನೇ ಮಾಡಿದರು. ಅದರ ಹೆಸರು 'ಅಗ್ರಿಕೋಲಾ', ಲ್ಯಾಟಿನ್ನಿನಲ್ಲಿ ರೈತ ಅಂತ.

1962ರಲ್ಲಿ ಇಟಲಿಯ ಸ್ಪೊಲೆಟೊ ಊರಿನ ಉತ್ಸವಕ್ಕೆ ಒಂದೆರಡು ಶಿಲ್ಪ ಮಾಡಿಕೊಡಿ ಅಂತ ಅವರನ್ನು ಕರೆದರು. ಇಟಾಲ್‌ಸಿಡರ್ ಎಂಬ ಸರ್ಕಾರಿ ಉಕ್ಕಿನ ಕಂಪನಿ ಜಾಗ ಕೊಟ್ಟಿತು. ಜಿನೋವಾ ಹತ್ತಿರದ ವೋಲ್ಟ್ರಿ ಎಂಬಲ್ಲಿ ಆಗಷ್ಟೇ ಮುಚ್ಚಿದ್ದ ಹಳೆಯ ಕಾರ್ಖಾನೆ ಶೆಡ್ಡುಗಳು. ಕೆಲಸಗಾರರು ಹೋಗಿದ್ದರು, ಅವರ ಸಾಮಾನು ಇತ್ತು. ಕಾಯ್ದ ಕಬ್ಬಿಣ ಹಿಡಿಯುವ ಉದ್ದನೆಯ ಇಕ್ಕಳಗಳು, ಪಾನಾಗಳು, ಗಾಡಿಯ ಚಕ್ರಗಳು, ಕೆಲಸದ ಮೇಜುಗಳು, ಅರ್ಧಕ್ಕೆ ಬಿಟ್ಟ ಉಕ್ಕಿನ ಹಾಳೆಗಳು. ಸ್ಮಿತ್ ಅಲ್ಲಿ ನಿಂತು 30 ದಿನದಲ್ಲಿ 27 ಶಿಲ್ಪ ಮಾಡಿದರು. ಕೇಳಿದ್ದು ಒಂದೆರಡು! ಕಂಪನಿ ಕೆಲವು ಕೆಲಸಗಾರರನ್ನು ಸಹಾಯಕ್ಕೆ ಕೊಟ್ಟಿತ್ತು. ತಮ್ಮದೇ ಕಸುಬಿನ ಇಕ್ಕಳಗಳು ಶಿಲ್ಪವಾಗುವುದನ್ನು ಅವರು ನಿಂತು ನೋಡಿದರು. ಶಿಲ್ಪಗಳನ್ನು ಸ್ಪೊಲೆಟೊದ ಪುರಾತನ ರೋಮನ್ ರಂಗಮಂದಿರದ ಕಲ್ಲಿನ ಮೆಟ್ಟಿಲುಗಳ ಮೇಲೆ, ಸಭಿಕರ ಜಾಗದಲ್ಲಿ, ಸಾಲಾಗಿ ನಿಲ್ಲಿಸಿದರು.

ಅವುಗಳಲ್ಲಿ ಕೆಲವು ಬರೀ ಕೆಲಸದ ಮೇಜಿನ ಹಾಗೇ ಇವೆ. ಮೇಜಿನ ಮೇಲೆ ಇಕ್ಕಳ, ತುಂಡು ಕಬ್ಬಿಣ. ಕೆಲಸಗಾರ ಊಟಕ್ಕೆ ಎದ್ದು ಹೋಗಿದ್ದಾನೆ, ಈಗ ಬರುತ್ತಾನೆ ಅನ್ನುವ ಹಾಗೆ. ಆ ಫೋಟೋ ನೋಡಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕುರ್ಲಾದ ಆ ಶೆಡ್ಡಿನಲ್ಲಿ ನಾನು ನೋಡಿದ್ದೂ ಹೀಗೇ ಇತ್ತು. ನನ್ನ ಕೈಯಲ್ಲಿ ಪಟ್ಟಿಯ ಕಾಗದವಿತ್ತು, ಸ್ಮಿತ್ ಕೈಯಲ್ಲಿ ವೆಲ್ಡಿಂಗ್ ದೀಪವಿತ್ತು. ಅವರು ಆ ಸಲಕರಣೆಗಳನ್ನು ಇಟಲಿಯಲ್ಲಿ ಬಿಟ್ಟೂ ಬರಲಿಲ್ಲ. ಉಳಿದಷ್ಟನ್ನು ಹಡಗಿಗೆ ಹಾಕಿಸಿ ನ್ಯೂಯಾರ್ಕ್ ರಾಜ್ಯದ ಬೋಲ್ಟನ್ ಲ್ಯಾಂಡಿಂಗಿನ ತಮ್ಮ ಮನೆಗೆ ತರಿಸಿಕೊಂಡು ಮತ್ತೊಂದು ಸರಣಿ ಮಾಡಿದರು. 1965ರಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡರು.

ಈ ಬಗೆಯ ಕೆಲಸಕ್ಕೆಲ್ಲ ಒಂದು ಸಾಮಾನ್ಯ ಹೆಸರು ಗಟ್ಟಿಯಾದದ್ದೂ ಆ ಹೊತ್ತಿಗೇ. ಫ್ರೆಂಚ್ ಕಲಾವಿದ ಜ್ಯಾಂ ದ್ಯುಬುಫೆ 1953ರಲ್ಲಿ ಬಳಕೆಗೆ ತಂದ 'ಅಸೆಂಬ್ಲಾಜ್' ಎಂಬ ಮಾತನ್ನು 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ತನ್ನ ದೊಡ್ಡ ಪ್ರದರ್ಶನಕ್ಕೆ ಹೆಸರಾಗಿ ಇಟ್ಟುಕೊಂಡಿತು. ಜೋಡಣೆ ಅಂದರೆ ನಮಗೆ ಸಾಕು.

ರಸ್ತೆ ಇನ್‌ಸ್ಪೆಕ್ಟರರ ಗುಟ್ಟು

ಇದೆಲ್ಲ ಹೊರದೇಶದ ಸಂಗತಿಯಾಯಿತು. ಇಂಥ ಯಾವ ಪ್ರದರ್ಶನದ ಗಾಳಿಯೂ ಸೋಕದೆ ನಮ್ಮ ದೇಶದಲ್ಲೂ ಒಬ್ಬರು ಇದೇ ಕೆಲಸ ಮಾಡುತ್ತಿದ್ದರು. ಚಂಡೀಗಢದ ನೇಕ್ ಚಂದ್. 1924ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಹಳ್ಳಿಯೊಂದರಲ್ಲಿ ಹುಟ್ಟಿ, 1947ರಲ್ಲಿ ಎಲ್ಲ ಬಿಟ್ಟು ಈಚೆ ಬಂದವರು. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರು. ಹೊಸ ನಗರ ಕಟ್ಟಲು ಅಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಕೆಡವಿದ್ದರು. ಆ ಹಳ್ಳಿಗಳ ಒಡೆದ ಮಡಕೆ, ಬಳೆ ಚೂರು, ಪಿಂಗಾಣಿ, ಸೈಕಲ್ ಹ್ಯಾಂಡಲ್ಲು, ಕರೆಂಟಿನ ಬಿರಡೆಗಳನ್ನು ಸೈಕಲ್ಲಿನ ಮೇಲೆ ಹೊತ್ತು ತಂದು, ಕಾಡಿನ ನಡುವೆ, ಸರ್ಕಾರಿ ಜಾಗದಲ್ಲಿ ಗುಟ್ಟಾಗಿ ಒಂದು ಲೋಕವನ್ನೇ ಕಟ್ಟಿದರು. 1957ರ ಸುಮಾರಿಗೆ ಶುರು ಮಾಡಿದ್ದು. ಹಳೇ ಟೈರು ಸುಟ್ಟ ಬೆಳಕಿನಲ್ಲಿ ರಾತ್ರಿ ಕೆಲಸ. 1970ರ ದಶಕದ ನಡುವಿನಲ್ಲಿ ಅಧಿಕಾರಿಗಳ ಕಣ್ಣಿಗೆ ಬಿತ್ತು.

ಒಬ್ಬ ನೌಕರನಾಗಿ ನನಗೆ ಈ ಘಟ್ಟ ಬಹಳ ಸ್ವಾರಸ್ಯ. ಕಾನೂನಿನ ಪ್ರಕಾರ ಅದು ಶುದ್ಧ ಒತ್ತುವರಿ. ಕೆಡವಿ ಫೈಲು ಮುಚ್ಚಬಹುದಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಆಡಳಿತದವರು 1976ರಲ್ಲಿ ಅದನ್ನು ರಾಕ್ ಗಾರ್ಡನ್ ಅಂತ ಜನರಿಗೆ ತೆರೆದು, ಅದನ್ನೇ ನೋಡಿಕೊಳ್ಳುವ ಹುದ್ದೆ ಕೊಟ್ಟು, ಸಂಬಳದ ಜೊತೆ 50 ಆಳು ಕೊಟ್ಟರು. 1984ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ ಅವರು ತೀರಿಕೊಂಡರು. ನಾವು 2009ರಲ್ಲಿ ಎಲ್‌ಎಫ್‌ಸಿ ಮೇಲೆ ಶಿಮ್ಲಾಕ್ಕೆ ಹೋಗುವಾಗ ದಾರಿಯಲ್ಲಿ ನೋಡಿದೆವು. ಬಳೆ ಚೂರಿನ ಸೀರೆ ಉಟ್ಟ ಹೆಂಗಸರ ಸಾಲಿನ ಮುಂದೆ ನನ್ನ ಹೆಂಡತಿ ನಿಂತೇಬಿಟ್ಟಳು. "ಇಷ್ಟೂ ಬಳೆ ಯಾರೋ ತೊಟ್ಟಿದ್ದವಲ್ವಾ?" ಅಂದಳು. ನಾನು ಆರು ವರ್ಷ ಓದಿ ತಿಳಿದದ್ದನ್ನು ಅವಳು ಆರು ನಿಮಿಷದಲ್ಲಿ ಹೇಳಿಬಿಟ್ಟಿದ್ದಳು.

ಬಂದೂಕು ಕೊಟ್ಟು ಗುದ್ದಲಿ

ಕೊನೆಯದಾಗಿ ಆಫ್ರಿಕಾದ ಮೊಜಾಂಬಿಕ್. ಪೋರ್ಚುಗೀಸರಿಂದ 1975ರಲ್ಲಿ ಬಿಡುಗಡೆ ಪಡೆದ ದೇಶ 1977ರಿಂದ 1992ರವರೆಗೆ ಅಂತರ್ಯುದ್ಧದಲ್ಲಿ ಬೆಂದಿತು. ಒಪ್ಪಂದವಾದ ಮೇಲೂ ಮನೆ ಮನೆಯಲ್ಲಿ ಬಂದೂಕು ಉಳಿದಿತ್ತು. 1995ರಲ್ಲಿ ಅಲ್ಲಿನ ಬಿಷಪ್ ದಿನಿಸ್ ಸೆಂಗುಲಾನೆ ಅವರ ಮುಂದಾಳುತನದಲ್ಲಿ ಕ್ರೈಸ್ತ ಮಂಡಳಿ ಒಂದು ಯೋಜನೆ ತಂದಿತು: ಬಂದೂಕು ತಂದುಕೊಡಿ, ಬದಲಿಗೆ ಗುದ್ದಲಿ, ಹೊಲಿಗೆ ಯಂತ್ರ, ಸೈಕಲ್ ಒಯ್ಯಿರಿ. ಯೋಜನೆಯ ಹೆಸರೇ ಶಸ್ತ್ರದಿಂದ ಗುದ್ದಲಿಗೆ ಅಂತ. ಬಂದ ಬಂದೂಕುಗಳನ್ನು ಕತ್ತರಿಸಿ ಕೆಲಸಕ್ಕೆ ಬಾರದ ಹಾಗೆ ಮಾಡಿ, ರಾಜಧಾನಿ ಮಪುಟೊದ ಕಲಾವಿದರಿಗೆ ಕೊಟ್ಟರು.

2001ರಲ್ಲಿ ಕೆಸ್ಟರ್ ಎಂಬ ಕಲಾವಿದ ಅದರಿಂದ ಒಂದು ಕುರ್ಚಿ ಮಾಡಿದರು. 'ಶಸ್ತ್ರಗಳ ಸಿಂಹಾಸನ' ಅಂತ ಅದನ್ನು ಕರೆಯುತ್ತಾರೆ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬೆನ್ನಿಗೆ ಪೋರ್ಚುಗೀಸ್ ರೈಫಲ್ಲುಗಳು. ಉಳಿದಂತೆ ಎಕೆ-47 ಮುಂತಾದ ಬಂದೂಕುಗಳ ತುಂಡು. ಅದರಲ್ಲಿ ಒಂದು ಬಂದೂಕೂ ಆಫ್ರಿಕಾದಲ್ಲಿ ತಯಾರಾದದ್ದಲ್ಲ. ಕೆಸ್ಟರ್ ಅವರ ಬಂಧುಗಳಲ್ಲೇ ಇಬ್ಬರು ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದರು. ಬೆನ್ನಿನ ಮೇಲ್ತುದಿಯಲ್ಲಿ ಎರಡು ನಗುವ ಮುಖ ಕಾಣುತ್ತವೆ. ಅವರು ಕೆತ್ತಿದ್ದಲ್ಲ ಅದು. ರೈಫಲ್ಲಿನ ಮರದ ಹಿಡಿಯಲ್ಲಿ ಸ್ಕ್ರೂ ಹಾಕಿದ ತೂತು ಕಣ್ಣಾಗಿದೆ, ಹೆಗಲ ಪಟ್ಟಿ ಸಿಕ್ಕಿಸುವ ಗೀರು ಬಾಯಾಗಿದೆ. ಅವರು ಹುಡುಕಿ ಆ ತುಂಡನ್ನು ಅಲ್ಲಿ ಇಟ್ಟರು, ಅಷ್ಟೇ. ಕರಗಿಸಿದ್ದರೆ ಆ ಬಂದೂಕುಗಳಿಂದ ಸರಳು ಬರುತ್ತಿತ್ತು, ಏನಾಯಿತೆಂಬುದು ಮರೆತೂ ಹೋಗುತ್ತಿತ್ತು. ಒಳ್ಳೆಯ ಕೈಯ ಗುರುತು ಮಾತ್ರವಲ್ಲ, ಕೆಟ್ಟ ಕೈಯ ಗುರುತೂ ಉಳಿಯಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಈ ಕುರ್ಚಿ.

ಮತ್ತೆ ಸುತ್ತಿಗೆಗೆ

ಇಷ್ಟು ನೋಡಿದ ಮೇಲೆ ನನಗೆ ಕಂಡದ್ದು ಇಷ್ಟು. ಆಕ್ರಮಿತ ಪ್ಯಾರಿಸ್, ಮುಚ್ಚಿದ ವೋಲ್ಟ್ರಿ, ಕೆಡವಿದ ಹಳ್ಳಿ, ಯುದ್ಧ ಮುಗಿದ ಮೊಜಾಂಬಿಕ್. ಎಲ್ಲ ಕಡೆಯೂ ಯಾವುದೋ ಒಂದು ಲೆಕ್ಕ ಮುಗಿದು, ಇನ್ನು ಇವೆಲ್ಲ ತೂಕಕ್ಕೆ ಅನ್ನುವ ಗಳಿಗೆಯಲ್ಲೇ ಒಬ್ಬರು ಬಂದು, ತಾಳಿ, ಇದು ಲಾಟ್ ಅಲ್ಲ, ಒಂದೊಂದೂ ಬೇರೆ ಅಂದಿದ್ದಾರೆ. ನಮ್ಮ ಕಡೆ ಆಯುಧಪೂಜೆಯ ದಿನ ಸುತ್ತಿಗೆ ಇಕ್ಕಳಗಳಿಗೆ ಒಂದೊಂದಕ್ಕೂ ಕುಂಕುಮ ಹಚ್ಚುತ್ತೇವಲ್ಲ, ರಾಶಿಯ ಮೇಲೆ ಒಮ್ಮೆ ಚೆಲ್ಲಿ ಮುಗಿಸುವುದಿಲ್ಲ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಬರೆದವರಿಗೂ ಗೊತ್ತಿತ್ತು. ಅದರ 60ನೆಯ ಕಲಂ ಪ್ರಕಾರ ಕೋರ್ಟಿನ ಡಿಕ್ರಿ ಇದ್ದರೂ ಕುಶಲಕರ್ಮಿಯ ಸಲಕರಣೆಗಳನ್ನು ಜಪ್ತಿ ಮಾಡುವಂತಿಲ್ಲ. ನಮ್ಮದು ಅಡವು ಬರೆಸಿಕೊಂಡ ಮಾಲು, ಆ ಕಲಂ ನಮ್ಮನ್ನು ತಡೆಯುತ್ತಿರಲಿಲ್ಲ. ಆದರೆ ಅದರ ಹಿಂದಿನ ಮನಸ್ಸು ನನಗೆ ಆ ದಿನ ಇದ್ದಿದ್ದರೆ, ಸಹಿಯಾದ ಪಟ್ಟಿಯನ್ನು ಹರಿದು ಹೊಸದು ಬರೆಯಲು ಹತ್ತು ನಿಮಿಷ ಸಾಕಾಗಿತ್ತು.

ಆ ಸುತ್ತಿಗೆ ಎಲ್ಲಿ ಹೋಯಿತೋ. ಕರಗಿ ಯಾವುದೋ ಕಟ್ಟಡದ ಸರಳಾಗಿರಬಹುದು. ಯಾವುದೋ ಕಬ್ಬಿಣದ ಹಕ್ಕಿಯ ತಲೆಯಾಗಿದ್ದರೆ ಚೆಂದ ಅಂತ ನಾನು ಆಸೆಪಡುವುದು ನನ್ನ ಸಮಾಧಾನಕ್ಕೆ. ಅವರಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಅವರಿಗೆ ಬೇಕಾಗಿದ್ದು ಶಿಲ್ಪ ಅಲ್ಲ, ಸುತ್ತಿಗೆ.

ನಾನೀಗ ನಿವೃತ್ತಿಯ ಹತ್ತಿರ ಇದ್ದೇನೆ. ಅಲ್ಲಿಂದೀಚೆಗೆ ಯಾವ ಪಟ್ಟಿಗೆ ಸಹಿ ಹಾಕುವಾಗಲೂ 'ಒಂದು ಲಾಟ್' ಅಂತ ಕಂಡರೆ ವಾಪಸ್ ಕಳಿಸುತ್ತೇನೆ. ಸುತ್ತಿಗೆ ನಾಲ್ಕು, ಇಕ್ಕಳ ಆರು, ಅರ ಒಂಬತ್ತು ಅಂತ ಬರೆದು ತನ್ನಿ ಅನ್ನುತ್ತೇನೆ. ಹಾಗೆ ಬರೆಯುವಾಗ ಸಾಲಗಾರರು ಪಕ್ಕದಲ್ಲೇ ನಿಂತಿರುತ್ತಾರೆ. ಬಿಡಬೇಕಾದ್ದು ಏನಾದರೂ ಇದ್ದರೆ ಆಗಲೇ ಬಾಯಿಬಿಟ್ಟು ಹೇಳುತ್ತಾರೆ. ಹುಡುಗರು ಹಿಂದಿನಿಂದ ಗೊಣಗುತ್ತಾರೆ, ಮುದುಕನಿಗೆ ಬೇರೆ ಕೆಲಸವಿಲ್ಲ ಅಂತ. ಗೊಣಗಲಿ ಬಿಡಿ.